ಸಯನೈಡ್‌ಗೆ ಜಗ್ಗದ ಚಿನ್ನ: ಅಡಗಿದ ಜಾಗ ಹುಡುಕುವುದು ಹೇಗೆ?

ಅದಿರನ್ನು ನುಣ್ಣಗೆ ಅರೆದು ಇಡೀ ದಿನ ಸಯನೈಡ್ ದ್ರಾವಣದಲ್ಲಿ ಕಲಕಿದರೂ ಕನಿಷ್ಠ ಶೇ 80ರಷ್ಟಾದರೂ ಚಿನ್ನ ಕರಗದಿದ್ದರೆ ಅದು ಹಟಮಾರಿ ಅದಿರು. ತಕ್ಷಣ ಸಯನೈಡ್ ಹೆಚ್ಚಿಸುವವರೇ ಜಾಸ್ತಿ. ಚಿನ್ನದ ಹತ್ತಿರಕ್ಕೇ ಹೋಗದ ದ್ರಾವಣವನ್ನು ಎಷ್ಟು ಸುರಿದರೇನು? ಮೊದಲು ಚಿನ್ನ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು. ಪರವಾನಗಿ ಇರುವ ಪ್ರಯೋಗಾಲಯದಲ್ಲಿ ಮಾತ್ರ ಮಾಡುವ ಕೆಲಸ ಇದು.

ಬಾಟಲಿ ಪರೀಕ್ಷೆಯಿಂದ ಶುರು ಮಾಡಿ. ಶೇ 80 ಭಾಗ 75 ಮೈಕ್ರಾನ್‌ಗಿಂತ ಸಣ್ಣದಾಗುವಂತೆ ಅರೆದ 1 ಕಿಲೋ ಅದಿರಿಗೆ 1.5 ಲೀಟರ್ ನೀರು ಸೇರಿಸಿ. ಸುಣ್ಣ ಹಾಕಿ ಪಿಎಚ್ 10.5ಕ್ಕೆ ತಂದು, ಅದು ನಿಂತ ಮೇಲೆ 1.5 ಗ್ರಾಂ ಸೋಡಿಯಂ ಸಯನೈಡ್ ಹಾಕಿ. ಈ ಕ್ರಮ ತಪ್ಪಬಾರದು. ಪಿಎಚ್ ಇಳಿದಂತೆಲ್ಲ ಪ್ರಾಣ ತೆಗೆಯುವ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ.

ಬಾಟಲಿಯನ್ನು ಉರುಳಿಸುತ್ತ 2, 4, 8, 24ನೇ ಗಂಟೆಗೆ ದ್ರಾವಣದ ಮಾದರಿ ತೆಗೆಯಿರಿ. ನಾಲ್ಕನೇ ಗಂಟೆಯವರೆಗೆ ಏರಿದ ಚಿನ್ನ 24ನೇ ಗಂಟೆಗೆ ಇಳಿದಿದ್ದರೆ, ಕರಗಿದ್ದನ್ನು ಅದಿರಿನಲ್ಲೇ ಇರುವ ಇಂಗಾಲ ಹೀರಿಕೊಳ್ಳುತ್ತಿದೆ ಎಂಬ ಬಲವಾದ ಸುಳಿವು. ಅದಿರಿನ ಇಂಗಾಲಕ್ಕಿಂತ ಮೊದಲೇ ಚಿನ್ನವನ್ನು ಹಿಡಿಯುವ ಆಕ್ಟಿವೇಟೆಡ್ ಕಾರ್ಬನ್ ಅನ್ನು ಲೀಟರಿಗೆ 20 ಗ್ರಾಂ ಹಾಕಿ ಇನ್ನೊಂದು ಬಾಟಲಿ ಉರುಳಿಸಿ. ಇಳುವರಿ ಏರಿದರೆ ಅನುಮಾನ ನಿಜ. ಮೊದಲಿನಿಂದಲೂ ಚಿನ್ನ ಕೆಳಮಟ್ಟದಲ್ಲೇ ನಿಂತಿದ್ದರೆ ಅದು ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳ ಒಳಗೆ ಬಂದಿಯಾಗಿರಬಹುದು. ಸಯನೈಡೇ ಬೇಗ ಖಾಲಿಯಾಗುತ್ತಿದ್ದರೆ ತಾಮ್ರ ಇದೆಯೇ ನೋಡಿ. ಕರಗಿದ ಆಮ್ಲಜನಕ ಕುಸಿದರೆ ಪಿರೋಟೈಟ್ ಎಂಬ ಕಬ್ಬಿಣ–ಗಂಧಕದ ಖನಿಜ ಹುಡುಕಿ. ಸಯನೈಡ್‌ಗೆ ಮೊದಲು ಸುಣ್ಣದ ಜೊತೆ ಕೆಲವು ಗಂಟೆ ಗಾಳಿ ಹಾಯಿಸಿದರೆ ಅದರ ಕಾಟ ಇಳಿಯುತ್ತದೆ.

ಮುಂದಿನದು ಚರಟದ ಸರದಿ. ಅದರಲ್ಲಿ ಉಳಿದ ಸಯನೈಡ್ ಪೂರ್ತಿ ಹೋಗುವಂತೆ ತೊಳೆದು, ಬಿಸಿ ನೈಟ್ರಿಕ್ ಆಮ್ಲದಲ್ಲಿ ಗಂಧಕದ ಖನಿಜಗಳನ್ನು ಕರಗಿಸಿ, ಮತ್ತೆ ತೊಳೆದು, ಸುಣ್ಣ ಹಾಕಿ, ಮರಳಿ ಸಯನೈಡ್‌ಗೆ ಒಡ್ಡಿ. ಈಗ ಹೊರಬಂದದ್ದು ಆ ಖನಿಜಗಳೊಳಗಿನ ಚಿನ್ನ. ಉಳಿದದ್ದನ್ನು ಸುಟ್ಟು ಇನ್ನೊಮ್ಮೆ ಸಯನೈಡ್‌ಗೆ ಹಾಕಿದಾಗ ಬರುವುದು ಇಂಗಾಲದ ಪಾಲು. ಆಮೇಲೂ ಬಾರದ್ದು ಬಹುಪಾಲು ಬೆಣಚುಕಲ್ಲಿನೊಳಗಿದೆ.

ಇಷ್ಟಾದ ಮೇಲೆ ಚಿಕಿತ್ಸೆ ಆರಿಸಿ. 600–700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದರೆ ಗಂಧಕ, ಇಂಗಾಲ ಎರಡೂ ಸುಡುತ್ತವೆ; ಶಾಖ ಮಿತಿಮೀರಿದರೆ ಕಣದ ರಂಧ್ರಗಳು ಬೆಸೆದುಕೊಂಡು ಚಿನ್ನ ಮತ್ತೆ ಒಳಗೇ ಉಳಿಯುತ್ತದೆ. ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡ ತಡೆಯುವ ಮುಚ್ಚಿದ ಪಾತ್ರೆಯಲ್ಲಿ, ಗಂಧಕದ ಖನಿಜಗಳನ್ನು ಒಡೆಯಲು 190–230 ಡಿಗ್ರಿ, ಆಮ್ಲಜನಕದ ಒತ್ತಡದಡಿ ಒಂದೆರಡು ಗಂಟೆ ಸಾಕು. ಬ್ಯಾಕ್ಟೀರಿಯಾಗಳು ಇದೇ ಕೆಲಸಕ್ಕೆ ಸುಮಾರು 40 ಡಿಗ್ರಿಯಲ್ಲಿ 4–6 ದಿನ ಕೇಳುತ್ತವೆ. ಇವೆರಡೂ ಇಂಗಾಲವನ್ನು ನೆಚ್ಚಿಕೊಳ್ಳುವಂತೆ ಸುಡುವುದಿಲ್ಲ, ಹಾಗಾಗಿ ಇಂಗಾಲದ ಅದಿರಿಗೆ ಇವನ್ನು ಮಾತ್ರ ನಂಬಬೇಡಿ.

ಆರ್ಸೆನಿಕ್ ಇರುವ ಅದಿರನ್ನು ಹುರಿದರೆ ಅದು ಹೊಗೆಯಾಗಿ ಏಳುತ್ತದೆ. ಹಿಡಿಯುವ ವ್ಯವಸ್ಥೆ ಇಲ್ಲದೆ ಕುಲುಮೆ ಹಚ್ಚಲೇಬಾರದು. ಆಟೋಕ್ಲೇವ್ ಅಥವಾ ಬ್ಯಾಕ್ಟೀರಿಯಾ ವಿಧಾನದಿಂದ ಬಂದ ಆಮ್ಲದ ದ್ರಾವಣದಲ್ಲಿ ಆರ್ಸೆನಿಕ್ ಇದ್ದರೆ, ಅದರ ಒಂದು ಮೋಲ್‌ಗೆ (ಪರಮಾಣುಗಳ ಎಣಿಕೆಯ ಅಳತೆ) ಕಬ್ಬಿಣ ಕನಿಷ್ಠ ಮೂರು ಮೋಲ್ ಇರುವಂತೆ ನೋಡಿಕೊಂಡು ಸುಣ್ಣದಿಂದ ತಟಸ್ಥಗೊಳಿಸಿ. ಕಬ್ಬಿಣ ಕಡಿಮೆಯಾದರೆ ಕೆಳಗಿಳಿದ ಆರ್ಸೆನಿಕ್ ಮತ್ತೆ ನೀರಿಗೆ ಸೇರುತ್ತದೆ.