ಮಲೆನಾಡಿನ ಕಾಡಿಗೆ ಹೋಗುವವರು ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಜಗತ್ತಿನ 17 ಅತಿ ಜೀವವೈವಿಧ್ಯದ ದೇಶಗಳಲ್ಲಿ ಭಾರತವೂ ಒಂದು. ಆ ಸ್ಥಾನ ನಮಗೆ ದಕ್ಕಿರುವುದರಲ್ಲಿ ಪಶ್ಚಿಮ ಘಟ್ಟದ ಪಾಲು ದೊಡ್ಡದು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಘಟ್ಟದ 39 ತಾಣಗಳಲ್ಲಿ 10 ಕರ್ನಾಟಕದಲ್ಲಿವೆ. ಕುದುರೆಮುಖ, ಆಗುಂಬೆ, ಸೋಮೇಶ್ವರ, ಪುಷ್ಪಗಿರಿ, ತಲಕಾವೇರಿ ಎಂದು ಆ ಹೆಸರುಗಳನ್ನು ಓದುತ್ತ ಹೋದರೆ, ವಾರಾಂತ್ಯದಲ್ಲಿ ಬೆಂಗಳೂರು ಬಿಡುವ ಟೆಂಪೊ ಟ್ರಾವೆಲರ್‌ಗಳ ಪ್ರವಾಸ ಪಟ್ಟಿಯನ್ನೇ ಓದಿದಂತಾಗುತ್ತದೆ. ಜವಾಬ್ದಾರಿಯುತ ಪ್ರವಾಸದ ಮಾತು ಬಂದಾಗಲೆಲ್ಲ ನಾವು ಪ್ಲಾಸ್ಟಿಕ್ ಬಾಟಲಿಯಿಂದ ಶುರುಮಾಡುತ್ತೇವೆ. ಆದರೆ ಕಾಡಿಗೆ ಆಗುವ ಹಾನಿಯ ಬಹುಪಾಲು, ಎರಡು ದಿನದಲ್ಲಿ ನಾಲ್ಕು ಜಲಪಾತ, ಎರಡು ಬೆಟ್ಟ, ಒಂದು ಸಫಾರಿ ಎಂದು ಪಟ್ಟಿ ಬರೆದ ಹೊತ್ತಿನಲ್ಲಿಯೇ ನಿರ್ಧಾರವಾಗಿಬಿಟ್ಟಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಅಂಥ ಪಟ್ಟಿ ಹಿಡಿದು ಹೊರಟವರು ಎಷ್ಟೇ ಸಜ್ಜನರಾಗಿರಲಿ, ಘಟ್ಟದ ರಸ್ತೆಯಲ್ಲಿ ರಾತ್ರಿ ವೇಗವಾಗಿ ಓಡಿಸಲೇಬೇಕಾಗುತ್ತದೆ, ಸಿಕ್ಕಿದ ಕಡೆ ಉಣ್ಣಲೇಬೇಕಾಗುತ್ತದೆ, ಮಾರ್ಗದರ್ಶಿಯ ಮಾತು ಕೇಳುವಷ್ಟು ವ್ಯವಧಾನವೂ ಅವರಿಗೆ ಉಳಿಯುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಪಟ್ಟಿಯನ್ನು ಕತ್ತರಿಸುವುದು. ಒಂದು ಪ್ರವಾಸಕ್ಕೆ ಒಂದೇ ತಾಲ್ಲೂಕನ್ನು ಆರಿಸಿಕೊಂಡು ಕನಿಷ್ಠ ಎರಡು ರಾತ್ರಿ ಒಂದೇ ಮನೆಯಲ್ಲಿ ಉಳಿಯಿರಿ. ರಜೆ ಹೊಂದಿಸಿಕೊಳ್ಳಲು ಸಾಧ್ಯವಿದ್ದರೆ ಶನಿವಾರ, ಭಾನುವಾರಗಳನ್ನು ಬಿಟ್ಟು ವಾರದ ನಡುವೆ ಹೋಗಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ತಪ್ಪಲಿನಲ್ಲಿ ಚಾರಣಿಗರು ಸಾವಿರಗಟ್ಟಲೆ ಸೇರಿ, ಕಾಲುದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದ ಬಳಿಕ, ಸರಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ಮುಚ್ಚಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಬೇಕು, ಒಂದು ಪಥಕ್ಕೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಇದೆ. ಬಯಸಿದ ದಿನಕ್ಕೆ ಟಿಕೆಟ್ ಸಿಗದಿದ್ದರೆ ದಿನವನ್ನು ಬದಲಿಸಬೇಕೇ ಹೊರತು, ‘ಊರಿನವರೊಬ್ಬರು ಪರಿಚಯ ಇದ್ದಾರೆ, ಹಿಂದಿನ ದಾರಿಯಿಂದ ಕರೆದೊಯ್ಯುತ್ತಾರೆ’ ಎಂಬ ಆಮಿಷಕ್ಕೆ ಒಪ್ಪಬಾರದು. ಆ ದಾರಿಯಲ್ಲಿ ನೀವು ಜಾರಿ ಬಿದ್ದರೆ ನೀವು ಕಾಡಿನೊಳಗೆ ಇದ್ದೀರಿ ಎಂಬುದೇ ಯಾರ ದಾಖಲೆಯಲ್ಲೂ ಇರುವುದಿಲ್ಲ.

ಹೋಗುವ ಕಾಲವನ್ನೂ ವಿಚಾರಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಹುಲ್ಲುಗಾವಲಿನ ಪಥಗಳನ್ನು ಮುಚ್ಚುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಕಡೆಗಳಿಗೂ ಜಲಪಾತಗಳಿಗೂ ಜಿಲ್ಲಾಡಳಿತ ನಿರ್ಬಂಧ ಹೇರುತ್ತದೆ. 2025ರ ನವೆಂಬರ್‌ನಲ್ಲಿ ಮಾನವ–ಹುಲಿ ಸಂಘರ್ಷದ ಕಾರಣಕ್ಕೆ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಲಾಯಿತು. ಮುಂಗಡ ಕೊಟ್ಟಾಗಿದೆ ಎಂದು ಅಂಥ ಹೊತ್ತಿನಲ್ಲಿ ಸಿಬ್ಬಂದಿಯೊಡನೆ ಜಗಳಕ್ಕಿಳಿಯುವವರು, ಕಾಡಂಚಿನ ಹಳ್ಳಿಯವರಿಗೆ ಅದು ಜೀವದ ಪ್ರಶ್ನೆ ಎಂಬುದನ್ನು ಮರೆತಿರುತ್ತಾರೆ.

ಮನೆ ಆರಿಸುವಾಗ

ಹೋಂಸ್ಟೇ ಎಂಬ ಫಲಕ ಇದ್ದ ಮಾತ್ರಕ್ಕೆ ಅದು ಹೋಂಸ್ಟೇ ಆಗುವುದಿಲ್ಲ. ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದಾರೆಯೇ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ಫೋನಿನಲ್ಲಿಯೇ ಕೇಳಿ. ಅದಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುವ ಪ್ರಶ್ನೆಗಳು ಬೇರೆ ಇವೆ: ಬಚ್ಚಲು ಮತ್ತು ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಕಸವನ್ನು ಏನು ಮಾಡುತ್ತೀರಿ, ಕ್ಯಾಂಪ್‌ಫೈರಿನ ಸೌದೆ ಎಲ್ಲಿಯದು? ಸರಿಯಾಗಿ ನಡೆಸುವವರು ಇವಕ್ಕೆ ಕೋಪಿಸಿಕೊಳ್ಳುವುದಿಲ್ಲ. ಸೋಕ್‌ಪಿಟ್ (ಇಂಗುಗುಂಡಿ) ಎಲ್ಲಿದೆ, ಅಡಿಕೆ ತೋಟಕ್ಕೆ ಯಾವ ನೀರು ಬಿಡುತ್ತೇವೆ ಎಂದು ಸಂತೋಷದಿಂದಲೇ ವಿವರಿಸುತ್ತಾರೆ. ಮಾರ್ಚ್ ಬಂತೆಂದರೆ ಊರಿನ ಬಾವಿಗಳು ತಳ ಕಾಣುವ ಕಡೆ ಈಜುಕೊಳದ ಚಿತ್ರ ಹಾಕಿ ಕರೆಯುವವರನ್ನು, ರಾತ್ರಿ ಡಿಜೆ ಇದೆ ಎನ್ನುವವರನ್ನು, ‘ನಮ್ಮ ಜೀಪು ಎಲ್ಲಿ ಬೇಕಾದರೂ ಹತ್ತುತ್ತದೆ’ ಎನ್ನುವವರನ್ನು ಬಿಟ್ಟುಬಿಡಿ. ಘಟ್ಟದ ಎತ್ತರದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಸುತ್ತಲಿನ ಹುಲ್ಲುಗಾವಲು ನೋಡುವವರಿಗೆ ಬರಿದಾದ ಬಯಲಿನಂತೆ ಕಂಡರೂ ಮಳೆನೀರನ್ನು ಹಿಡಿದಿಟ್ಟುಕೊಂಡು ಹಳ್ಳಗಳಿಗೆ ನಿಧಾನವಾಗಿ ಬಿಡುವುದು ಅದೇ. ಅದರ ಮೇಲೆ ಜೀಪಿನ ಚಕ್ರ ಕೊರೆದ ಜಾಡು ಮುಂದಿನ ಮಳೆಗೆ ಚರಂಡಿಯಾಗಿ, ಅದರ ಮುಂದಿನ ಮಳೆಗೆ ಕೊರಕಲಾಗಿ ಬೆಳೆಯುತ್ತದೆ.

ರಸ್ತೆಯಲ್ಲಿ

ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದಲೂ ನಿಷೇಧವಿದೆ. ಮಲೆನಾಡಿನ ಹೆಚ್ಚಿನ ಘಾಟಿಗಳಲ್ಲಿ ಅಂಥ ನಿಷೇಧವಿಲ್ಲವಾದರೂ, ಮಳೆಗಾಲದ ರಾತ್ರಿ ಅಲ್ಲಿ ಗಾಡಿ ಓಡಿಸದಿರುವುದೇ ಮೇಲು. ಮೊದಲ ಮಳೆ ಬಿದ್ದೊಡನೆ ಕಪ್ಪೆಗಳು ಸಂತಾನೋತ್ಪತ್ತಿಗಾಗಿ ನೀರಿರುವ ಕಡೆಗೆ ಹೊರಡುತ್ತವೆ, ಅವನ್ನು ತಿನ್ನಲು ಹಾವುಗಳು ಬರುತ್ತವೆ; ಎರಡೂ ಟಾರಿನ ಮೇಲೆ ಚಪ್ಪಟೆಯಾಗುತ್ತವೆ. ಕತ್ತಲಾಗುವ ಮೊದಲು ಮನೆ ಮುಟ್ಟುವಂತೆ ಹೊರಡುವುದು ಇದಕ್ಕಿರುವ ಸುಲಭದ ಉಪಾಯ. ಘಾಟಿಯ ತಿರುವುಗಳಲ್ಲಿ ಕೂತಿರುವ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯಬೇಡಿ. ಅವು ಕಾಡು ಬಿಟ್ಟು ರಸ್ತೆಗೆ ಬಂದಿರುವುದೇ ಆ ಬಿಸ್ಕತ್ತಿಗಾಗಿ. ಆನೆ ಕಂಡರೆ ಗಾಡಿಯಿಂದ ಇಳಿಯಬಾರದು ಎಂದು ಇನ್ನೂ ಬರೆಯಬೇಕಾಗಿರುವುದು ವಿಷಾದದ ಸಂಗತಿ.

ಹಳ್ಳದ ಬಳಿ

ಘಟ್ಟದ ಹಳ್ಳಗಳ ವಿಷಯದಲ್ಲಿ ಪ್ರವಾಸಿಗರಿಗೆ ತಿಳಿವಳಿಕೆ ತೀರ ಕಡಿಮೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಆ ಕೆಸರಿನಲ್ಲಿ ಮರಗಳ ಬೇರುಗಳು ಮಂಡಿಯೂರಿದ ಕಾಲುಗಳ ಹಾಗೆ ಮೇಲೆದ್ದು ನಿಂತಿರುತ್ತವೆ. ಅಲ್ಲಿನ ತೊರೆಯಲ್ಲಿ ವಾಸಿಸುವ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವರ್ಣಿಸಿದ್ದು 2014ರಲ್ಲಿ. ನೀರಿನ ಮೇಲೆ ಬಾಗಿದ ಕಡ್ಡಿಗೋ ಕಲ್ಲಿಗೋ ಹೆಣ್ಣು ಮೊಟ್ಟೆ ಅಂಟಿಸಿದ ಮೇಲೆ, ಗಂಡು ತೊರೆಯ ತಳದಿಂದ ಮುಂಗಾಲಿನಲ್ಲಿ ಕೆಸರನ್ನು ಬಾಚಿ ತಂದು, ಮಡಕೆಗೆ ಮಣ್ಣು ಮೆತ್ತುವವರ ಹಾಗೆ ಆ ಮೊಟ್ಟೆಗಳ ಮೇಲೆ ಬಳಿಯುತ್ತದೆ. ದಡದ ಬಳಿಯ ಕಡ್ಡಿಯ ಮೇಲೆ ಒಣಗಿದ ಕೆಸರಿನ ಮುದ್ದೆಯೊಂದು ಕಂಡರೆ ಅದನ್ನು ಯಾರೂ ಮೊಟ್ಟೆಯೆಂದು ಗುರುತಿಸಲಾರರು. ಈ ಕಾರಣಕ್ಕಾಗಿಯೇ ತೊರೆಯಲ್ಲಿ ಕಲ್ಲು ಎತ್ತಿಡುವುದು, ಫೋಟೊಗಾಗಿ ಕಲ್ಲಿನ ಗೋಪುರ ಕಟ್ಟುವುದು, ಮಕ್ಕಳ ಈಜಿಗೆಂದು ನೀರಿಗೆ ಅಡ್ಡ ಕಟ್ಟುವುದು, ದಡದ ಪೊದೆಯನ್ನು ಸವರುವುದು ಇವು ಮೇಲ್ನೋಟಕ್ಕೆ ಕಾಣುವಷ್ಟು ನಿರಪಾಯವಾದ ಆಟಗಳಲ್ಲ.

ಕಪ್ಪೆಯ ಚರ್ಮ ನೀರಿನಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತದೆ. ಸೊಳ್ಳೆ ಕ್ರೀಮನ್ನೋ ಸನ್‌ಸ್ಕ್ರೀನನ್ನೋ ಮೈಗೆಲ್ಲ ಹಚ್ಚಿಕೊಂಡು ಪುಟ್ಟ ತೊರೆಗಿಳಿಯಬೇಡಿ. ಸೋಪು, ಶಾಂಪುಗಳ ಮಾತಂತೂ ಬೇಡವೇ ಬೇಡ. ಉಂಬಳಕ್ಕೆ (ಜಿಗಣೆ) ಹೆದರಿ ದಾರಿಯುದ್ದಕ್ಕೂ ಉಪ್ಪು ಚೆಲ್ಲುವ ಅಭ್ಯಾಸವನ್ನೂ ಬಿಡಬೇಕು. ಮಂಡಿಯವರೆಗೆ ಬರುವ ಒತ್ತಾದ ನೇಯ್ಗೆಯ ಕಾಲುಚೀಲದೊಳಗೆ ಪ್ಯಾಂಟಿನ ಅಂಚನ್ನು ಸೇರಿಸಿದರೆ ಮುಕ್ಕಾಲು ಪಾಲು ಕೆಲಸವಾದಂತೆ. ಕಚ್ಚಿದ ಉಂಬಳವನ್ನು ಉಗುರಿನ ತುದಿಯಿಂದ ಪಕ್ಕಕ್ಕೆ ಸರಿಸಿ ತೆಗೆದರೆ ಸಾಕು. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಅಷ್ಟೇ.

ಉಣುಗಿನ (ಟಿಕ್) ವಿಷಯ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನಲ್ಲಿ ಪ್ರಾಣ ತೆಗೆಯುತ್ತಿದೆ, ಮತ್ತು ಅದನ್ನು ಹರಡುವುದು ಉಣುಗು. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳಲ್ಲಿ ಅದರ ಕಾಟ ಹೆಚ್ಚು. ಆ ಕಾಲದಲ್ಲಿ ಹೋಗುವುದಾದರೆ, ಉಳಿಯುವ ಊರಿನಲ್ಲಿ ಪ್ರಕರಣಗಳಿವೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಿ. ಕಾಡಿಗೆ ಹೋಗುವ ಊರಿನವರು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳುತ್ತಾರೆ, ನೀವೂ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಏಕೆಂದರೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಸುತ್ತಲಿನ ನೆಲಕ್ಕೆ ಉದುರಿರುತ್ತವೆ. ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ತಕ್ಷಣ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಮಲೆನಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಕ್ಯಾಮೆರಾ ಹಿಡಿದವರಿಗೆ

ದಾಂಡೇಲಿಯ ಸುತ್ತ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನೋಡಲು ಹೋಗುವವರು ಬಹಳ. ಮರಿಮಾಡುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳೊಂದನ್ನು ಮಾತ್ರ ಉಳಿಸಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸೀಳಿನ ಮೂಲಕ ತಿನ್ನಿಸಬೇಕು. ಮರದ ಕೆಳಗೆ ಜನ ಕಂಡರೆ ಅದು ಹತ್ತಿರದ ಕೊಂಬೆಯ ಮೇಲೆ ಕಾಯುತ್ತ ಕೂರುತ್ತದೆ, ಒಳಗಿರುವ ತಾಯಿ, ಮರಿಗಳಿಗೆ ಅಷ್ಟು ಹೊತ್ತು ಉಪವಾಸ. ಗೂಡಿನ ಮರವನ್ನು ತೋರಿಸುತ್ತೇನೆ ಎಂದು ಹೆಚ್ಚು ಹಣ ಕೇಳುವ ಮಾರ್ಗದರ್ಶಿಗಿಂತ, ಹಣ್ಣು ಬಿಟ್ಟ ಆಲದ ಮರದ ಬಳಿ ದೂರದಲ್ಲಿ ಕೂರಿಸುವವರು ಉತ್ತಮ. ಹಕ್ಕಿ ಅಲ್ಲಿಗೆ ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಕರೆಯುವುದೂ ಬೇಡ. ಆಗುಂಬೆಯ ಕಡೆ ಬೇಸಿಗೆಯ ಕೊನೆಯಲ್ಲಿ ಕಾಳಿಂಗ ಸರ್ಪ ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಗೂಡಿನ ಸುದ್ದಿ ಕೇಳಿದವರು ಅದನ್ನು ಇನ್ನೊಬ್ಬರಿಗೆ ದಾಟಿಸದಿರುವುದೇ ದೊಡ್ಡ ಉಪಕಾರ.

ಊರಿನವರ ನಡುವೆ

ಕೊಡಗಿನ ದೇವರಕಾಡುಗಳಿಗೂ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ದೇವಸ್ಥಾನದ ಹೊಳೆಯ ಮೀನುಗಳಿಗೂ ಬೇಲಿಯಿಲ್ಲ, ಊರಿನವರ ಕಟ್ಟುಪಾಡೇ ಅವುಗಳ ಕಾವಲು. ದೇವರಕಾಡಿನಿಂದ ಒಂದು ಎಲೆಯನ್ನೂ ತರುವಂತಿಲ್ಲ; ಒಳಗೆ ಹೋಗಬಹುದೇ, ಚಪ್ಪಲಿ ಎಲ್ಲಿ ಬಿಡಬೇಕು ಎಂದು ಊರಿನ ಹಿರಿಯರನ್ನು ಕೇಳಿಯೇ ಮುಂದಡಿ ಇಡಬೇಕು. ಅಡಿಕೆ ತೋಟ, ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳು ಕಾಡಿನಂತೆ ಕಂಡರೂ ಅವು ಯಾರದೋ ಬದುಕು. ಮಾರ್ಗದರ್ಶಿಯ ಶುಲ್ಕದಲ್ಲಿ ಚೌಕಾಶಿ ಮಾಡಬೇಡಿ. ಮುಳ್ಳೋಡಿಯಂಥ ಊರಿನಿಂದ ಕುದುರೆಮುಖಕ್ಕೆ ಕರೆದೊಯ್ಯುವ ಹುಡುಗನಿಗೆ ವರ್ಷದ ಕೆಲವು ತಿಂಗಳಷ್ಟೇ ಈ ಸಂಪಾದನೆ. ಕಾಡು ಉಳಿದರೆ ತನಗೂ ಲಾಭವಿದೆ ಎಂದು ಅವನಿಗೆ ಅನ್ನಿಸುವುದು ನೀವು ಕೊಡುವ ಹಣದಿಂದಲೇ ಹೊರತು ಭಾಷಣದಿಂದಲ್ಲ.

ಕಸದ ವಿಷಯ ಚಿಕ್ಕದು: ಒಯ್ದದ್ದನ್ನೆಲ್ಲ ವಾಪಸು ನಗರಕ್ಕೆ ತನ್ನಿ. ಕಾಡಂಚಿನ ಗ್ರಾಮ ಪಂಚಾಯಿತಿಯ ತೊಟ್ಟಿಗೆ ಹಾಕಿದರೆ ಅದು ಬಹುತೇಕ ಹಿಂದಿನ ಗುಂಡಿಯಲ್ಲಿ ಉರಿಯುತ್ತದೆ. ಅಭಯಾರಣ್ಯದಲ್ಲಿ ಕಸ ಚೆಲ್ಲುವುದು, ಪ್ರಾಣಿಯನ್ನು ಕೆಣಕುವುದು, ಬೆಂಕಿ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೇರೆಯವರು ಹಾಗೆ ಮಾಡುವುದನ್ನು ಕಂಡರೆ ಜಗಳವಾಡುವ ಬದಲು ಸಮಯ, ಸ್ಥಳ, ವಾಹನದ ಸಂಖ್ಯೆಯನ್ನು ಬರೆದುಕೊಂಡು ಚೆಕ್‌ಪೋಸ್ಟಿಗೋ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ತಿಳಿಸಿ. ಮನೆಗೆ ಬಂದು ಚಿತ್ರಗಳನ್ನು ಹಂಚುವಾಗ ತಾಲ್ಲೂಕಿನ ಹೆಸರಿಗಷ್ಟೇ ನಿಲ್ಲಿಸಿ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಸೇರಿಸುವವರು ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯನ್ನು ಒತ್ತಿದರೆ ದಾಖಲೆಯೂ ಉಳಿಯುತ್ತದೆ, ನಿಖರವಾದ ಜಾಗವೂ ಸಾರ್ವಜನಿಕರಿಗೆ ಕಾಣುವುದಿಲ್ಲ.