ಒಂದು ಹಳೇ ಡಿಶ್, ಒಂದು ಬಲ್ಬು, ಐದು ಬಕೆಟ್ ಬಿಸಿನೀರು

ವಿಜಯಪುರದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಗೇಟು, ಗ್ರಿಲ್, ಟ್ರೇಲರ್ ರಿಪೇರಿ, ಇಷ್ಟೇ ದಿನದ ಕೆಲಸ. ನಾಲ್ಕು ವರ್ಷದ ಹಿಂದೆ ಗುಜರಿಯಲ್ಲಿ ಕೇಬಲ್ ಟಿವಿ ಕಾಲದ ಆರು ಅಡಿ ಡಿಶ್ ಸಿಕ್ಕಿತು. ನಮ್ಮೂರಲ್ಲಿ ಬಿಸಿಲಿಗೇನು ಬರ? ಈ ಬಿಸಿಲಿನ ಕಾವಿನಿಂದಲೇ ಮನೆಗೆ ಕರೆಂಟ್ ಮಾಡಬೇಕು ಅಂತ ಆವತ್ತೇ ತಲೆಯಲ್ಲಿ ಕೂತಿತು.

ಸೋಲಾರ್ ಪ್ಯಾನೆಲ್ ಬೇರೆ, ಇದು ಬೇರೆ. ಪ್ಯಾನೆಲ್ ಬೆಳಕನ್ನು ನೇರವಾಗಿ ಕರೆಂಟ್ ಮಾಡುತ್ತದೆ. ಇಲ್ಲಿ ಮೊದಲು ಕಾವು, ಆಮೇಲೆ ಕರೆಂಟ್. ರಾಜಸ್ಥಾನದ ಆಬು ರೋಡ್‌ನಲ್ಲಿ ಬ್ರಹ್ಮಕುಮಾರಿ ಸಂಸ್ಥೆಯವರು 770 ದೊಡ್ಡ ಡಿಶ್ ನಿಲ್ಲಿಸಿ, ಹಬೆ ಎಬ್ಬಿಸಿ ಟರ್ಬೈನ್ ತಿರುಗಿಸುತ್ತಾರೆ. ಮನೆಯ ಮಾಳಿಗೆ ಮೇಲೆ ಹಬೆ ಬೇಡ ಅಂತ ನಾನು ಮೊದಲೇ ತೀರ್ಮಾನಿಸಿದ್ದೆ. ವೆಲ್ಡರ್ ಆಗಿ ಹೇಳುತ್ತೇನೆ, ಒತ್ತಡ ತುಂಬಿದ ಪಾತ್ರೆಯ ಬೆಸುಗೆ ಎಲ್ಲರ ಕೈಕೆಲಸ ಅಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ. ಹಾಗಾಗಿ ಥರ್ಮೋಎಲೆಕ್ಟ್ರಿಕ್ ಬಿಲ್ಲೆ ಆರಿಸಿಕೊಂಡೆ. ನಾಲ್ಕು ಸೆಂಟಿಮೀಟರ್ ಚೌಕದ ಬಿಲ್ಲೆ ಅದು. ಒಂದು ಬದಿ ಸುಡಬೇಕು, ಇನ್ನೊಂದು ಬದಿ ತಣ್ಣಗಿರಬೇಕು. ಆಗ ಎರಡು ತಂತಿಯಲ್ಲಿ ಕರೆಂಟ್ ಬರುತ್ತದೆ. 1821ರಲ್ಲಿ ಸೀಬೆಕ್ ಅನ್ನುವ ವಿಜ್ಞಾನಿ ಕಂಡ ಸಂಗತಿ ಇದು. ತಿರುಗುವ ಭಾಗವೇ ಇಲ್ಲ.

ಮೊದಲು ಡಿಶ್‌ಗೆ ಅಡುಗೆಮನೆಯ ಫಾಯಿಲ್ ಹಚ್ಚಿದೆ. ಎರಡೇ ವಾರದಲ್ಲಿ ಸುಕ್ಕು, ಗಾಳಿ ಗುಳ್ಳೆ. ಕಿತ್ತು ಹಾಕಿ ಗಾಜಿನ ಅಂಗಡಿಯಿಂದ ಐದು ಸೆಂಟಿಮೀಟರ್ ಚೌಕದ ಕನ್ನಡಿ ಚೂರು ಕೊಯ್ಯಿಸಿ ತಂದೆ. ಒಟ್ಟು 900 ಚೂರು. ಸಿಲಿಕೋನ್ ಹಚ್ಚಿ ಒಂದೊಂದಾಗಿ ಅಂಟಿಸಲು ಒಂಬತ್ತು ಸಂಜೆ ಹಿಡಿಯಿತು. ತಮ್ಮ ಕೂತು ಚೂರುಗಳ ಅಂಚು ಉಜ್ಜಿ ಕೊಡುತ್ತಿದ್ದ.

ಬೆಳಕು ಎಲ್ಲಿ ಕೂಡುತ್ತದೆ ಅಂತ ತಿಳಿಯೋದು ಸುಲಭ. ಡಿಶ್‌ನ ಅಗಲವನ್ನು ಅದರಿಂದಲೇ ಗುಣಿಸಿ, ಆಳದ ಹದಿನಾರು ಪಟ್ಟಿನಿಂದ ಭಾಗಿಸಬೇಕು. ನನ್ನದು ಅಗಲ 183, ಆಳ 30 ಸೆಂಟಿಮೀಟರ್. ಲೆಕ್ಕ 70ಕ್ಕೆ ಬಂತು, ಅಂದರೆ ಡಿಶ್‌ನ ನಡುಮಧ್ಯದಿಂದ 70 ಸೆಂಟಿಮೀಟರ್ ಮುಂದೆ. ಆ ಜಾಗದಲ್ಲಿ ಹಲಗೆ ತುಂಡು ಹಿಡಿದೆ. ಎಣಿಸುವಷ್ಟರಲ್ಲಿ ಹೊಗೆ ಎದ್ದಿತು. ವೆಲ್ಡಿಂಗ್ ಕನ್ನಡಕ ಇಲ್ಲದೆ ಆ ಕಡೆ ನೋಡಲೇಬಾರದು. ಕೆಲಸ ಇಲ್ಲದಾಗ ಡಿಶ್ ಮೇಲೆ ತಾಡಪತ್ರಿ ಹೊದಿಸಿ ಕಟ್ಟಿರಬೇಕು. ಇದರಲ್ಲಿ ಸಡಿಲ ಬಿಡಬೇಡಿ.

ನನಗೆ ಮೊದಲ ಪೆಟ್ಟು ಬಿದ್ದದ್ದು ಬಿಲ್ಲೆಯಲ್ಲಿ. ಅಗ್ಗಕ್ಕೆ ಸಿಕ್ಕವು ಅಂತ ಟಿಇಸಿ1-12706 ತರಿಸಿದೆ. ಅವು ತಂಪು ಮಾಡುವ ಬಿಲ್ಲೆಗಳು. ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಮೊದಲ ಮಧ್ಯಾಹ್ನವೇ ನಾಲ್ಕು ಬಿಲ್ಲೆ ಸತ್ತವು. ಬಿಚ್ಚಿ ನೋಡಿದರೆ ಬೆಸುಗೆ ಪಾದರಸದ ಹಾಗೆ ಹನಿ ಹನಿಯಾಗಿ ಬದಿಗೆ ಬಂದಿತ್ತು. ಕರೆಂಟ್ ಮಾಡಲೆಂದೇ ಬರುವ ಎಸ್‌ಪಿ1848 ಬಿಲ್ಲೆ ತಗೊಳ್ಳಿ. ಅದನ್ನೂ 150 ಡಿಗ್ರಿ ದಾಟಿಸಬೇಡಿ.

ಇನ್ನೊಂದು ಮಾತು. ಆ ಬಿಲ್ಲೆಯ ವಿವರದ ಚೀಟಿಯಲ್ಲಿ 100 ಡಿಗ್ರಿ ಅಂತರಕ್ಕೆ 4.8 ವೋಲ್ಟ್, 669 ಮಿಲಿಆಂಪ್ ಅಂತ ಬರೆದಿರುತ್ತಾರೆ. ಎರಡನ್ನೂ ಗುಣಿಸಿ ಮೂರು ವಾಟ್ ಅಂದುಕೊಂಡರೆ ಮೋಸ ಹೋಗುತ್ತೀರಿ. ಆ ವೋಲ್ಟು ಏನೂ ಜೋಡಿಸದೆ ಇದ್ದಾಗಿನದು. ಆ ಆಂಪು ತಂತಿ ಕೂಡಿಸಿ ಶಾರ್ಟ್ ಮಾಡಿದಾಗಿನದು. ಕೈಗೆ ಸಿಗುವುದು ಗುಣಿಸಿದ್ದರ ಕಾಲು ಭಾಗ, ಒಂದು ಬಿಲ್ಲೆಗೆ ಮುಕ್ಕಾಲು ವಾಟ್ ಚಿಲ್ಲರೆ. ನಾನು ಹನ್ನೆರಡು ಬಿಲ್ಲೆ ಹಾಕಿದೆ. ಆರಾರನ್ನು ಸಾಲಾಗಿ ಜೋಡಿಸಿ ಎರಡು ಸಾಲು ಮಾಡಿದರೆ 14 ವೋಲ್ಟ್ ಹತ್ತಿರ ಬರುತ್ತದೆ. 12 ವೋಲ್ಟಿನ ಬ್ಯಾಟರಿಗೆ ಸರಿಹೊಂದುತ್ತದೆ. ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದು ಇರಲಿ, ಇಲ್ಲದಿದ್ದರೆ ರಾತ್ರಿ ಬ್ಯಾಟರಿಯೇ ಬಿಲ್ಲೆಗಳಿಗೆ ಹರಿದು ಖಾಲಿ ಆಗುತ್ತದೆ.

ಬಿಲ್ಲೆ ಕೂರಿಸುವುದೇ ಇದರ ಜೀವಾಳ. ಡಿಶ್‌ನ ಬೆಳಕು ಬಂದು ಕೂಡುವ ಕಡೆ ಅರ್ಧ ಇಂಚಿನ ಅಲ್ಯೂಮಿನಿಯಂ ಪಟ್ಟಿ, ಅದರ ಹಿಂದೆ ಬಿಲ್ಲೆಗಳು, ಅವುಗಳ ಹಿಂದೆ ನೀರು ಹರಿಯುವ ಚಪ್ಪಟೆ ಪೆಟ್ಟಿಗೆ. ಪಟ್ಟಿಯ ಮುಖವನ್ನು ಗಾಜಿನ ಮೇಲೆ ಪಾಲಿಶ್ ಪೇಪರ್ ಇಟ್ಟು ತಾಸುಗಟ್ಟಲೆ ಉಜ್ಜಿದೆ. ಬಿಲ್ಲೆಯ ಎರಡೂ ಬದಿಗೆ ಕಾವು ದಾಟಿಸುವ ಥರ್ಮಲ್ ಪೇಸ್ಟನ್ನು ತೆಳ್ಳಗೆ, ಕೆಳಗಿನ ಬಣ್ಣ ಮಸುಕಾಗಿ ಕಾಣುವಷ್ಟೇ ಸವರಬೇಕು. ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಒಂದು ಮೂಲೆ ಮೊದಲು ಬಿಗಿದರೆ ಬಿಲ್ಲೆ ಟಕ್ ಅಂತ ಸೀಳುತ್ತದೆ. ಆ ಸದ್ದು ನಾನು ಎರಡು ಸಲ ಕೇಳಿದ್ದೇನೆ.

ನೀರು ಹರಿಸಲು ಮೊದಲು ಪುಟ್ಟ ಪಂಪ್ ಹಾಕಿದ್ದೆ. ಹುಟ್ಟಿದ ಕರೆಂಟಿನ ಅರ್ಧವನ್ನು ಅದೇ ನುಂಗಿತು. ಪಂಪ್ ನಿಂತರಂತೂ ಬಿಲ್ಲೆ ಸುಡುವ ಭಯ. ಕಿತ್ತು ಹಾಕಿ, ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿದು, ಪೆಟ್ಟಿಗೆ ಹಾಯ್ದು, ಬಚ್ಚಲಮನೆಯ 100 ಲೀಟರ್ ಡ್ರಮ್ಮಿಗೆ ಬೀಳುವಂತೆ ಮಾಡಿದೆ. ಡ್ರಮ್ಮಿಗೆ ಹಳೇ ಕೌದಿ ಸುತ್ತಿದ್ದೇವೆ. ನಡುವೆ ಒಂದೇ ಒಂದು ಕಾಕ್. ಮನೆಯಲ್ಲಿ ಜಗಳ ಶುರುವಾದದ್ದು ಆ ಕಾಕ್ ಮೇಲೆ.

ನೀರು ಜೋರಾಗಿ ಬಿಟ್ಟರೆ ಬಿಲ್ಲೆಯ ತಂಪು ಬದಿ ತಂಪಾಗಿ ಉಳಿದು ಕರೆಂಟ್ ಜಾಸ್ತಿ ಬರುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ. ಸಣ್ಣಗೆ ಬಿಟ್ಟರೆ ನೀರು ಚೆನ್ನಾಗಿ ಕಾಯುತ್ತದೆ, ಮೀಟರ್ ಇಳಿಯುತ್ತದೆ. ನಾನು ಮೀಟರ್ ನೋಡಿ ಕಾಕ್ ತಿರುವಿ ಅಂಗಡಿಗೆ ಹೋಗುತ್ತಿದ್ದೆ. ಅವ್ವ ಬಂದು ಸಣ್ಣ ಮಾಡುತ್ತಿದ್ದಳು. ಒಂದಿನ ಹೇಳಿಯೇ ಬಿಟ್ಟಳು: "ನಿನ್ನ ಬಲ್ಬ್ ಹತ್ತಲಿ ಬಿಡಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಜಳಕದ ನೀರ್ ಯಾಕ ಕೆಡಸ್ತಿ?"

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಳ್ಳೆ ಬಿಸಿಲಿನ ನಾಲ್ಕು ತಾಸಿಗೆ ನನಗೆ ಸಿಗುವ ಕರೆಂಟ್ 9 ವಾಟ್ ಹಿಡಿದು 36 ವಾಟ್‌ಅವರ್. ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬು ಮೂರು ತಾಸು ಉರಿಯುವಷ್ಟು. ಅದೇ ಹೊತ್ತಿಗೆ 100 ಲೀಟರ್ ನೀರು 20 ಡಿಗ್ರಿ ಏರಿರುತ್ತದೆ. ಅಷ್ಟನ್ನು ಗೀಸರಿನಲ್ಲಿ ಕಾಯಿಸಿದರೆ ಎರಡೂಕಾಲು ಯೂನಿಟ್‌ಗಿಂತ ಜಾಸ್ತಿ ಬೇಕು. ನಾನು ಕರೆಂಟ್ ಅಂತ ಹಿಂದೆ ಬಿದ್ದದ್ದಕ್ಕಿಂತ ಅರವತ್ತು ಪಟ್ಟು ಬೆಲೆಯ ಕಾವನ್ನು ಹೊಲಸು ನೀರಿನ ಹಾಗೆ ಚೆಲ್ಲಲು ನೋಡುತ್ತಿದ್ದೆ. ಮರುದಿನದಿಂದ ಕಾಕ್ ಅವ್ವನ ಕೈಗೆ ಹೋಯಿತು. ತಾಸಿಗೆ 25 ಲೀಟರ್, ಅದೇ ನಮ್ಮ ಹದ.

ಡಿಶ್ ತಿರುಗಿಸುವ ಬಗ್ಗೆ ಸ್ವಲ್ಪ. ಸೂರ್ಯ ತಾಸಿಗೆ 15 ಡಿಗ್ರಿ ಸರಿಯುತ್ತಾನೆ. ಡಿಶ್ ತಿರುಗುವ ಅಚ್ಚನ್ನು ಧ್ರುವ ನಕ್ಷತ್ರದ ಕಡೆ ಮಾಡಿ, ನಮ್ಮೂರಿನ ಅಕ್ಷಾಂಶಕ್ಕೆ ತಕ್ಕಂತೆ 17 ಡಿಗ್ರಿ ಎತ್ತಿ ವೆಲ್ಡ್ ಮಾಡಿದೆ. ಹಾಗೆ ಮಾಡಿದರೆ ಇಡೀ ದಿನ ಒಂದೇ ಅಚ್ಚಿನ ಮೇಲೆ ತಿರುಗಿಸಿದರೆ ಸಾಕು. ಅಂಚಿಗೆ ಒಂದು ಗೇಣು ಪೈಪ್ ತುಂಡು ಬೆಸೆದಿದ್ದೇನೆ. ಪೈಪಿನೊಳಗಿನ ಬಿಸಿಲು ಕೆಳಗಿನ ಗುರುತಿನ ಮೇಲೆ ದುಂಡಗೆ ಬಿದ್ದರೆ ಡಿಶ್ ಸರಿ ಇದೆ ಅಂತ ಅರ್ಥ. ಮೊದಲು ಹತ್ತು ನಿಮಿಷಕ್ಕೊಮ್ಮೆ ಕೈಯಲ್ಲೇ ತಿರುಗಿಸುತ್ತಿದ್ದೆವು. ಈಗ ಹಳೇ ವೈಪರ್ ಮೋಟಾರ್ ಟೈಮರ್ ಮೇಲೆ ಅಷ್ಟಷ್ಟೇ ನೂಕುತ್ತದೆ.

ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಏಪ್ರಿಲ್‌ನ ಸುಡುಬಿಸಿಲಲ್ಲಿ ಜಾಸ್ತಿ ಸಿಗುತ್ತದೆ ಅಂದುಕೊಂಡಿದ್ದೆ. ಆಗ ಟ್ಯಾಂಕಿನ ನೀರೇ ಕಾದಿರುತ್ತದೆ, ಆಕಾಶ ಧೂಳಿನಿಂದ ಮಬ್ಬಾಗಿರುತ್ತದೆ. ಬಿಲ್ಲೆಗೆ ಬೇಕಾದ್ದು ಬರೀ ಕಾವಲ್ಲ, ಕಾವಿಗೂ ತಂಪಿಗೂ ನಡುವಿನ ಅಂತರ. ನನ್ನ ಡಿಶ್‌ಗೆ ಸುಗ್ಗಿ ಅಂದರೆ ಡಿಸೆಂಬರ್, ಜನವರಿ. ಹೊರಗೆ ಚಳಿ, ಆಕಾಶ ತೊಳೆದಿಟ್ಟ ಹಾಗೆ. ಮಳೆಗಾಲದಲ್ಲಿ ಮೋಡ ಬಂದರೆ ಪ್ಯಾನೆಲ್ ಅಷ್ಟೋ ಇಷ್ಟೋ ಕೊಡುತ್ತದೆ, ಡಿಶ್ ಏನೂ ಕೊಡುವುದಿಲ್ಲ. ನೇರ ಕಿರಣ ಇಲ್ಲದೆ ಕನ್ನಡಿಗೆ ಕೂಡಿಸಲು ಏನಿದೆ? ಜೂನ್ ಜುಲೈನ ಗಾಳಿಗೆ ಡಿಶ್ ಹಾಯಿಯಂತೆ ಎಳೆಯುತ್ತದೆ. ಆಗ ಮುಖ ಮೇಲೆ ಮಾಡಿ, ತಾಡಪತ್ರಿ ಬಿಗಿದು, ನಾಲ್ಕು ಕಡೆ ಸರಳಿಗೆ ಕಟ್ಟಿಡುತ್ತೇನೆ.

ಬರೀ ಕರೆಂಟ್ ಬೇಕು ಅಂತ ಕೇಳಿ ಬರುವವರಿಗೆ ಪ್ಯಾನೆಲ್ ಹಾಕಿಸಿರಿ ಅಂತಲೇ ಹೇಳುತ್ತೇನೆ. ಈ ಡಿಶ್‌ನಷ್ಟೇ ಜಾಗದಲ್ಲಿ ಅದು ಎಷ್ಟೋ ಪಟ್ಟು ಜಾಸ್ತಿ ಕೊಡುತ್ತದೆ. ಕಳೆದ ತಿಂಗಳು ನಮ್ಮ ಓಣಿಯ ಖಾನಾವಳಿ ಕಾಕಾ ಬಂದರು. ಅವರಿಗೆ ದಿನಾ ಮಧ್ಯಾಹ್ನ ಊಟ ಮುಗಿದ ಮೇಲೆ ಜಿಡ್ಡು ತಾಟು ತೊಳೆಯಲು ಬಿಸಿನೀರು ಬೇಕು. ಬಿಸಿಲೂ ಅದೇ ಹೊತ್ತಿಗೆ ನೆತ್ತಿ ಮೇಲೆ. ಅವರ ಡಿಶ್‌ಗೆ ಬಿಲ್ಲೆ ಹಾಕುತ್ತಿಲ್ಲ, ಬರೀ ನೀರಿನ ಪೆಟ್ಟಿಗೆ. ಕನ್ನಡಿ ಚೂರು ಬಂದಿವೆ. ಅಂಚು ಉಜ್ಜಲು ತಮ್ಮ ಈ ಸಂಜೆಯಿಂದ ಕೂರುತ್ತಾನೆ.