ಎಲೆ ಉದುರುವ ಕಾಲದಲ್ಲಿ ನಮ್ಮ ಮನೆಯ ಹುಲ್ಲುಹಾಸು

ನಮ್ಮ ಮನೆ ಉಡುಪಿ ಹತ್ತಿರದ ಪರ್ಕಳದಲ್ಲಿದೆ. ಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷ ಮನೆಯೆದುರು ಒಂದೂವರೆ ಸೆಂಟ್ಸ್ ಜಾಗದಲ್ಲಿ ಬಫೆಲೊ ಹುಲ್ಲು ನೆಟ್ಟೆ. ಕೆಳಗೆ ಮುರಕಲ್ಲು, ಮೇಲೆ ಹೊರಗಿನಿಂದ ತಂದು ಹಾಕಿದ ಅರ್ಧ ಅಡಿ ಮಣ್ಣು. ಹುಲ್ಲಿನ ಒಂದು ಬದಿಗೆ ಹಲಸಿನ ಮರ, ಗೇಟಿನ ಹತ್ತಿರ ಬಾದಾಮಿ ಮರ, ಬೇಲಿಯ ಆಚೆ ಸಾಗುವಾನಿ. ಮೂರರ ಎಲೆಯೂ ಬೀಳುವುದು ಹುಲ್ಲಿನ ಮೇಲೆಯೇ.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ನಾನು ನೋಡಿದ ವಿಡಿಯೊಗಳೆಲ್ಲ ಹೊರದೇಶದವು. ಅಲ್ಲಿ ಚಳಿಗಾಲಕ್ಕೆ ಮುಂಚೆ ಎಲೆಯೆಲ್ಲ ಉದುರಿ ಮುಗಿಯುತ್ತದೆ. ಆಮೇಲೆ ಹುಲ್ಲೂ ಬೆಳೆಯುವುದನ್ನು ನಿಲ್ಲಿಸುತ್ತದೆ. ನಮ್ಮ ಕಡೆ ಹಾಗಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಂದೊಂದು ಮರ ಒಂದೊಂದು ಸಲ ಎಲೆ ಉದುರಿಸುತ್ತದೆ. ಹಲಸು ದಿನಾ ನಾಲ್ಕು ನಾಲ್ಕು ಎಲೆ ಉದುರಿಸುತ್ತಲೇ ಇರುತ್ತದೆ. ಹುಲ್ಲು ಮಾತ್ರ ಮಾಗಿಯಲ್ಲೂ ಹಸಿರಾಗಿ ಬೆಳೆಯುತ್ತದೆ, ಹಾಗಾಗಿ ಅದಕ್ಕೆ ದಿನವೂ ಬಿಸಿಲು ಬೇಕು. ನಾನು ಅದನ್ನು ಯೋಚಿಸಲಿಲ್ಲ. ಎಲ್ಲ ಬೀಳಲಿ, ಒಟ್ಟಿಗೆ ಗುಡಿಸೋಣ ಅಂದುಕೊಂಡೆ. ಅಷ್ಟರಲ್ಲಿ ಬೆಂಗಳೂರಿಗೆ ಮಗಳ ಮನೆಗೆ ಹೋಗಿ ಹತ್ತು ದಿನ ಉಳಿದೆ.

ವಾಪಸ್ ಬಂದು ಎಲೆ ಎತ್ತಿ ನೋಡಿದರೆ ಅಡಿಯ ಹುಲ್ಲು ಬೈಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಊಟದ ಬಟ್ಟಲಿನಷ್ಟು ಅಗಲಕ್ಕೆ ಕಂದು ಮಚ್ಚೆ. ಮುಟ್ಟಿದರೆ ಲೋಳೆ ಲೋಳೆ. ತುಂಬಾ ಬೇಸರವಾಯಿತು. ಆ ಗಡಿಬಿಡಿಯಲ್ಲಿ ಇನ್ನೊಂದು ತಪ್ಪೂ ಆಯಿತು. ಕಬ್ಬಿಣದ ಹಲ್ಲಿನ ರೇಕ್ ತಂದು ಜೋರಾಗಿ ಎಳೆದೆ. ಬಫೆಲೊ ಹುಲ್ಲು ಬಳ್ಳಿಯಾಗಿ ನೆಲ ಹಿಡಿದು ಹರಡುವಂಥದ್ದು. ಎಲೆಯ ಜೊತೆ ಬಳ್ಳಿಯೂ ಕಿತ್ತು ಬಂತು.

ನಮ್ಮ ಪಕ್ಕದ ಮನೆಯ ಅಕ್ಕ ಎರಡು ದನ ಸಾಕಿದ್ದಾರೆ. ಬೇಲಿಯ ಆಚೆಯಿಂದ ನೋಡಿ ಹೇಳಿದರು: "ಮಾಷ್ಟ್ರೆ, ಎಲೆಯಿಂದ ಹುಲ್ಲು ಸಾಯುದಲ್ಲ. ಎಲೆಯ ಅಡಿಯಲ್ಲಿ ನೀರು ನಿಲ್ತದಲ್ಲ, ಅದರಿಂದ ಸಾಯುದು. ಒದ್ದೆ ಬೈಹುಲ್ಲು ಮುಚ್ಚಿಟ್ರೆ ಕೊಳೆಯುದಿಲ್ವಾ, ಹಾಗೆಯೇ."

ಇಷ್ಟು ವರ್ಷದಲ್ಲಿ ನಾನು ಕಲಿತದ್ದೂ ಅದೇ. ಎಲೆ ಒಣಗಿದ್ದಷ್ಟು ಹೊತ್ತು ಹುಲ್ಲಿಗೆ ದೊಡ್ಡ ತೊಂದರೆ ಇಲ್ಲ. ಮಾಗಿಯಲ್ಲಿ ರಾತ್ರಿ ಇಬ್ಬನಿ ಬೀಳುತ್ತದೆ. ಹಲಸಿನ ಎಲೆ ದಪ್ಪ, ಮೇಣ ಹಚ್ಚಿದ ಹಾಗೆ ಇರುತ್ತದೆ. ನೀರು ಅದರ ಒಳಗೆ ಇಳಿಯುವುದಿಲ್ಲ, ದೋಣಿಯ ಹಾಗೆ ಹಿಡಿದುಕೊಂಡು ಕೂರುತ್ತದೆ. ಬಾದಾಮಿ ಎಲೆ ಅಗಲ, ಒದ್ದೆಯಾದರೆ ಅಂಟಿಸಿದ ಕಾಗದದ ಹಾಗೆ ಹುಲ್ಲಿಗೆ ಮೆತ್ತಿಕೊಳ್ಳುತ್ತದೆ. ಬೆಳಕಿಲ್ಲ, ಗಾಳಿಯಿಲ್ಲ, ತೇವ ಮಾತ್ರ ಇದೆ. ಶಿಲೀಂಧ್ರಕ್ಕೆ ಅಷ್ಟು ಸಾಕು.

ಹಾಗಾಗಿ ಗುಡಿಸುವ ಹೊತ್ತು ಬದಲಾಯಿಸಿದೆ. ಮೊದಲು ಬೆಳಗ್ಗೆ ಆರೂವರೆಗೇ ಶುರು ಮಾಡುತ್ತಿದ್ದೆ. ಆಗ ಎಲೆ ಒದ್ದೆ, ಹುಲ್ಲೂ ಒದ್ದೆ. ಸುಮ್ನೆ ಕಷ್ಟ, ಹುಲ್ಲು ಜಾಸ್ತಿ ಕಿತ್ತು ಬರುತ್ತದೆ. ಈಗ ಸಂಜೆ ನಾಲ್ಕೂವರೆಗೆ ಗುಡಿಸುತ್ತೇನೆ. ಬಿಸಿಲಿಗೆ ಎಲೆ ಗರಿಗರಿಯಾಗಿ ಹಗುರವಾಗಿರುತ್ತದೆ. ಮುಖ್ಯ ವಿಷಯ ಏನೆಂದರೆ, ಇಬ್ಬನಿ ಬೀಳುವ ಮೊದಲು ಹುಲ್ಲಿನ ಮೇಲೆ ಎಲೆ ಇರುವುದಿಲ್ಲ. ದಿನಾ ಆಗದಿದ್ದರೆ ಎರಡು ದಿನಕ್ಕೊಮ್ಮೆಯಾದರೂ ಮಾಡಲೇಬೇಕು. ಮೂರನೇ ದಿನಕ್ಕೆ ಬಿಟ್ಟರೆ ಅಡಿಯ ಹುಲ್ಲಿನ ಬಣ್ಣ ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಹುಲ್ಲಿಗೆ ಸಂಜೆ ನೀರು ಬಿಡುವುದನ್ನೂ ನಿಲ್ಲಿಸಿದೆ. ನೀರು ಬೆಳಗ್ಗೆ ಮಾತ್ರ.

ಕಬ್ಬಿಣದ ರೇಕ್ ಶೆಡ್ಡಿನಲ್ಲಿದೆ. ನನಗೆ ಒಗ್ಗಿದ್ದು ನಮ್ಮ ತೆಂಗಿನ ಕಡ್ಡಿಯ ಹಿಡಿಸೂಡಿಯೇ, ಆದರೆ ಹೊಸದು ಬೇಕು. ಹೊಸತರ ತುದಿ ಉದ್ದವಾಗಿ, ಮೆತ್ತಗೆ ಬಾಗುತ್ತದೆ. ಸವೆದು ಮೊಂಡಾದದ್ದು ಹುಲ್ಲಿನ ಬುಡಕ್ಕೆ ಚುಚ್ಚುತ್ತದೆ, ಅದನ್ನು ಅಂಗಳಕ್ಕೆ ಇಟ್ಟುಕೊಳ್ಳಬಹುದು. ಬಗ್ಗಿ ಗುಡಿಸಿದರೆ ನನಗೆ ಸೊಂಟ ನೋವು ಬರುತ್ತದೆ. ಅದಕ್ಕೆ ನಾಲ್ಕು ಅಡಿ ಬಿದಿರಿನ ಕೋಲಿಗೆ ಹಿಡಿಸೂಡಿ ಕಟ್ಟಿಕೊಂಡಿದ್ದೇನೆ. ಒತ್ತಿ ಗುಡಿಸಬಾರದು, ಮೇಲಿಂದ ಸವರಬೇಕು. ಹುಲ್ಲಿನ ಅಂಚಿನಲ್ಲಿ ಹಳೆಯ ಸೀರೆ ಹಾಸಿ, ಎಲೆಯನ್ನು ಅದರ ಮೇಲೆ ತಳ್ಳಿ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರೆ ಒಂದೇ ಸಲಕ್ಕೆ ಎಲ್ಲ ಹೋಗುತ್ತದೆ.

ಎಲ್ಲ ಎಲೆಯನ್ನೂ ಗುಡಿಸಬೇಕಾಗಿಲ್ಲ. ಹುಣಸೆ, ಮಳೆಮರದಂಥ ಸಣ್ಣ ಎಲೆ ಹುಲ್ಲಿನ ನಡುವೆ ಜಾರಿ ಹೋಗಿ ಅಲ್ಲೇ ಮಣ್ಣಾಗುತ್ತದೆ. ಅದನ್ನು ಹೆಕ್ಕಲು ಹೋದರೆ ಹುಲ್ಲಿಗೇ ಪೆಟ್ಟು. ಸಾಗುವಾನಿ ಎಲೆ ಒಂದೆರಡು ಇದ್ದರೆ ಅದರ ಮೇಲೆಯೇ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತೇನೆ, ಚೂರಾಗುತ್ತದೆ. ಎಲೆ ಉದುರುವ ತಿಂಗಳುಗಳಲ್ಲಿ ಹುಲ್ಲನ್ನು ಎರಡು ಇಂಚಿಗಿಂತ ಗಿಡ್ಡ ಮಾಡುವುದಿಲ್ಲ.

ಒಂದು ಎಚ್ಚರಿಕೆ. ಎಲೆಯ ರಾಶಿ ರಾತ್ರಿ ಅಲ್ಲೇ ಉಳಿದರೆ ಬೆಳಗ್ಗೆ ಬರಿಗೈ ಹಾಕಬೇಡಿ. ತರಗೆಲೆಯ ನಡುವೆ ಕನ್ನಡಿ ಹಾವು (ವಿಷದ ಕೊಳಕುಮಂಡಲ) ಮಲಗಿದರೆ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ. ಕೋಲಿನಿಂದ ಕೆದಕಿ, ಸ್ವಲ್ಪ ಕಾದು, ಆಮೇಲೆ ಮುಟ್ಟಿ.

ಆ ಮೊದಲ ವರ್ಷದ ಮಚ್ಚೆಗಳನ್ನು ಸರಿ ಮಾಡಿದ್ದು ಹೀಗೆ. ಕೊಳೆತ ಹುಲ್ಲನ್ನು ಕೈಯಲ್ಲೇ ತೆಗೆದೆ. ಮಣ್ಣು ಮೇಲಿಂದ ಕೆದಕಿ ಎರಡು ದಿನ ಬಿಸಿಲಿಗೆ ಬಿಟ್ಟೆ. ಮರಳಿಗೆ ಹುಡಿ ಮಾಡಿದ ಹಟ್ಟಿಗೊಬ್ಬರ ಬೆರೆಸಿ ತೆಳ್ಳಗೆ ಹರಡಿದೆ. ಚೆನ್ನಾಗಿರುವ ಕಡೆಯಿಂದ ಗೆಣ್ಣಿರುವ ಬಳ್ಳಿ ತುಂಡು ಮಾಡಿ ನೆಟ್ಟೆ. ತಿಂಗಳೊಳಗೆ ಜಾಗ ಮುಚ್ಚಿತು. ನಮ್ಮ ಸೆಕೆ ಅದಕ್ಕೆ ಒಳ್ಳೆಯದೇ ಮಾಡುತ್ತದೆ.

ಗುಡಿಸಿದ ಎಲೆ ಎಲ್ಲಿಗೆ ಹೋಗುತ್ತದೆ? ಅರ್ಧ ಅಕ್ಕನ ಹಟ್ಟಿಗೆ. ದನದ ಅಡಿಗೆ ಹಾಸಿದ ತರಗೆಲೆ ಸೆಗಣಿ, ಗಂಜಳ ಹೀರಿ ಗೊಬ್ಬರವಾಗಿ ನನಗೇ ವಾಪಸ್ ಬರುತ್ತದೆ. ಹಿಂದೆ ಹಟ್ಟಿಗೆಂದೇ ಗುಡ್ಡೆಯಿಂದ ತರಗೆಲೆ ಗುಡಿಸಿ ತರುತ್ತಿದ್ದರು, ಒಂದು ಎಲೆಯೂ ದಂಡ ಆಗುತ್ತಿರಲಿಲ್ಲ. ಉಳಿದದ್ದು ಹಿತ್ತಿಲಿನಲ್ಲಿ ಕಬ್ಬಿಣದ ಬಲೆ ಸುತ್ತಿ ಮಾಡಿದ ಗೊಬ್ಬರದ ಗೂಡಿಗೆ. ಅರ್ಧ ಅಡಿ ಎಲೆ, ಅದರ ಮೇಲೆ ಕತ್ತರಿಸಿದ ಹಸಿ ಹುಲ್ಲು, ಮೇಲೆ ಸೆಗಣಿ ನೀರು. ಬರೀ ಒಣ ಎಲೆ ಹಾಕಿದರೆ ಕೊಳೆಯುವುದೇ ಇಲ್ಲ, ಗೆದ್ದಲು ಹಿಡಿಯುತ್ತದೆ. ತಿಂಗಳಿಗೊಮ್ಮೆ ಮಗುಚುತ್ತೇನೆ. ಮಳೆ ಶುರುವಾದಾಗ ತೆಂಗಿನ ಮಡಲು ಮುಚ್ಚುತ್ತೇನೆ. ಇಲ್ಲದಿದ್ದರೆ ನಮ್ಮ ಮಳೆಗೆ ಸಾರವೆಲ್ಲ ತೊಳೆದು ಹೋಗುತ್ತದೆ. ಜನವರಿಯಲ್ಲಿ ಹಾಕಿದ ಹಲಸಿನ ಎಲೆ ಕಪ್ಪು ಹುಡಿಯಾಗಲು ಆಗಸ್ಟ್ ಬರಬೇಕು.

ಸುಡುವುದು ಮಾತ್ರ ಬೇಡ. ಮಲ್ಲಿಗೆ ಗಿಡಕ್ಕೆ ಸುಡುಮಣ್ಣು ಮಾಡುವುದು ಬೇರೆ, ಅಲ್ಲಿ ಮಣ್ಣು ಮುಚ್ಚಿ ನಿಧಾನಕ್ಕೆ ಬೇಯಿಸುತ್ತಾರೆ. ಅಂಗಳದ ಮೂಲೆಯಲ್ಲಿ ಬೆಂಕಿ ಕೊಟ್ಟರೆ ಹೊಗೆ ಇಡೀ ಕೇರಿಗೆ, ಸುತ್ತಲಿನ ಹುಲ್ಲಿನ ಬೇರೂ ಸುಟ್ಟುಹೋಗುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ.

ನನಗೆ ಸೋಲಾದದ್ದು ಬಾದಾಮಿ ಮರದ ಬುಡದಲ್ಲಿ. ನಮ್ಮ ಮರ ಮಾಗಿಯಲ್ಲಿ ಒಮ್ಮೆ ಕೆಂಪಾಗಿ ಎಲೆ ಉದುರಿಸುತ್ತದೆ, ಮಳೆಗಾಲದಲ್ಲಿ ಮತ್ತೊಮ್ಮೆ. ಜುಲೈಯಲ್ಲಿ ಎಲೆ ಒಣಗುವ ಮಾತೇ ಇಲ್ಲ. ಕೊಡೆ ಹಿಡಿದು ಒಂದೊಂದೇ ಹೆಕ್ಕಿದರೂ ಹುಲ್ಲು ಉಳಿಯಲಿಲ್ಲ. ಮರ ಕಡಿಸಿ ಎಂದವರಿದ್ದಾರೆ. ಏಪ್ರಿಲ್ ಬಿಸಿಲಿನಲ್ಲಿ ಅದರ ನೆರಳಲ್ಲಿ ಕೂತವನಿಗೆ ಅದು ಆಗದ ಕೆಲಸ. ಎರಡು ವರ್ಷದ ಹಿಂದೆ ಬುಡದ ಸುತ್ತ ಆರು ಅಡಿ ಹುಲ್ಲು ತೆಗೆದು ಕಲ್ಲಿನ ಅಂಚು ಕಟ್ಟಿದೆ. ಅಲ್ಲಿ ಬಿದ್ದ ಎಲೆ ಬಿದ್ದಲ್ಲೇ ಇರುತ್ತದೆ. ಮೇ ತಿಂಗಳಲ್ಲಿ ಅದರ ನಡುವೆ ಅರಿಶಿನ ನೆಟ್ಟೆ, ಚೆನ್ನಾಗಿ ಬಂದಿದೆ. ನಾಗರಪಂಚಮಿಯ ಹಿಂದಿನ ದಿನ ಕಡುಬಿಗೆಂದು ಪಕ್ಕದ ಮನೆಯ ಅಕ್ಕ ಬಂದು ಅರಿಶಿನದ ಎಲೆ ಕೊಯ್ದುಕೊಂಡು ಹೋಗುತ್ತಾರೆ.